ಹುಣಸೆಹಣ್ಣಿನಲ್ಲಿ ತೊಳೆದ ಕ್ಯಾಮ್ ಶಾಫ್ಟ್

ನಾನು ಚಿಕ್ಕವಳಿದ್ದಾಗ ನಮ್ಮ ಕೂಡ್ಲಿಗಿಯಲ್ಲಿ ಕಾರು ಅಂದರೆ ಅಂಬಾಸಡರ್. ಮಿಕ್ಕದ್ದೆಲ್ಲ ಲಾರಿ, ಬಸ್ಸು, ಟ್ರ್ಯಾಕ್ಟರ್. ಹಾಗಾಗಿ ಕೊಟ್ಟೂರಿನ ಡಾಕ್ಟರು ಇಂಗ್ಲೆಂಡಿನ ಹಳೇ ಕೆಂಪು ಕಾರನ್ನು ಅಪ್ಪನ ಗ್ಯಾರೇಜಿಗೆ ತಂದು ನಿಲ್ಲಿಸಿದ ದಿನ ಓಣಿಯ ಮಂದಿಯೆಲ್ಲ ಬಂದು ನೋಡಿದರು. ಎರಡೇ ಸೀಟು, ಮೇಲೆ ಚಾವಣಿಯೇ ಇಲ್ಲ. "ಅಯ್ಯ, ಡಾಕ್ಟ್ರಿಗೆ ಯಾರೋ ಅರ್ಧಾ ಕಾರು ಕೊಟ್ಟು ಕಳಿಸ್ಯಾರಲ್ಲೋ!" ಎಂದು ನಮ್ಮಜ್ಜಿ ಮರುಗಿದಳು.

ನನಗೆ ಆಗ ಒಂಬತ್ತು ವರ್ಷ. ಬೇಸಿಗೆ ರಜೆ. ಒಡೆದ ಬೇರಿಂಗಿನ ಉಕ್ಕಿನ ಗುಂಡುಗಳೇ ನನ್ನ ಗೋಲಿ. ಹುಡುಗರ ಗಾಜಿನ ಗೋಲಿಗಳನ್ನು ಅವು ಪುಡಿ ಮಾಡುತ್ತಿದ್ದವು, ಅದಕ್ಕೇ ಯಾರೂ ನನ್ನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಗ್ಯಾರೇಜಿನಲ್ಲೇ ಇರುತ್ತಿದ್ದೆ. ಸೀಮೆಎಣ್ಣೆ, ಗ್ರೀಸು, ಮಧ್ಯಾಹ್ನ ಪೇಪರಿನಲ್ಲಿ ಕಟ್ಟಿ ತರಿಸುತ್ತಿದ್ದ ಮಂಡಾಳು ಮಿರ್ಚಿ, ಇವು ಬೆರೆತ ವಾಸನೆ ಬಂದರೆ ನನಗೆ ಈಗಲೂ ಅಪ್ಪ ನೆನಪಾಗುತ್ತಾನೆ.

ಆ ಕಾರಿಗೆ ಎಳೆತವೇ ಇರಲಿಲ್ಲ. ಅಪ್ಪ ಇಂಜಿನ್ ಬಿಚ್ಚಿ ಕ್ಯಾಮ್ ಶಾಫ್ಟ್ ಹೊರತೆಗೆದು ತೋರಿಸಿದ. ಮೊಳಕ್ಕಿಂತ ತುಸು ಉದ್ದದ ಕಬ್ಬಿಣದ ಕೋಲು, ಅದರ ಮೇಲೆ ಎಂಟು ಉಬ್ಬು.

"ಇವು ತಿರುಗಿ ತಿರುಗಿ ವಾಲ್ವು ಎತ್ತತಾವ. ಉಬ್ಬು ಸವದ್ರ ಇಂಜಿನ್ನಿಗೆ ಉಸಿರು ಸಾಲಂಗಿಲ್ಲ ನೋಡವ್ವ."

ಬದಲಿಗೆ ಯಾವುದನ್ನು ಹಾಕುವುದು ಎಂಬಲ್ಲಿ ತಕರಾರು ಶುರುವಾಯಿತು. ಡಾಕ್ಟರು ಇಂಗ್ಲೆಂಡಿನಿಂದಲೇ ರೇಸಿನ ಶಾಫ್ಟ್ ತರಿಸಿದ್ದರು, ಉಬ್ಬು ಎತ್ತರದ್ದು. ಅಪ್ಪ ಹೊಸಪೇಟೆಯಿಂದ ಅಂಬಾಸಡರಿನದೊಂದು ತಂದಿಟ್ಟಿದ್ದ. ಎರಡೂ ಇಂಜಿನ್ನು ಮೂಲದಲ್ಲಿ ಒಂದೇ ಆದ್ದರಿಂದ ಅದೂ ಸರಿಯಾಗಿ ಕೂರುತ್ತಿತ್ತು.

"ಬಸಣ್ಣ, ನನಗ ಸ್ಪೀಡ್ ಬೇಕಪ್ಪ," ಅಂದರು ಡಾಕ್ಟರು.

"ಸ್ಪೀಡ್ ಬರತೈತ್ರಿ. ಆದ್ರ ನಿಧಾನಕ್ಕ ಹೋಗುವಾಗ ಕುಂಟತೈತಿ, ನಿಂತಲ್ಲೇ ನಡಗತೈತಿ. ಕೊಟ್ಟೂರು ದಾರ್ಯಾಗ ಕುರಿ ಹಿಂಡು ಅಡ್ಡ ಬಂದ್ರ ಏನ್ ಮಾಡ್ತೀರಿ?"

"ಹಾರ್ನ್ ಹೊಡೀತೀನಿ."

"ಹಾರ್ನಿಗೆ ಕುರಿ ಸರೀತಾವೇನ್ರಿ ಡಾಕ್ಟ್ರೆ?"

ಡಾಕ್ಟರು ನಕ್ಕರು, ಒಪ್ಪಲಿಲ್ಲ. ಅಪ್ಪ ಕೊನೆಗೆ ಹೂಂ ಅಂದ. ಕಾರು ರೆಡಿಯಾದ ದಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತೇನೆ ಎಂದು ಡಾಕ್ಟರು ನನಗೆ ಮಾತು ಕೊಟ್ಟಿದ್ದರು. ನಾನು ಪೂರ್ತಿ ಅವರ ಪಾರ್ಟಿ.

ಅಷ್ಟರಲ್ಲಿ ಕಾನಹೊಸಹಳ್ಳಿ ಹತ್ತಿರ ಲಾರಿಯೊಂದು ಕೆಟ್ಟು ನಿಂತು, ಅಪ್ಪ ಮೂರು ದಿನ ಅಲ್ಲೇ ಉಳಿದ. ನಡುವೆ ಅಮಾವಾಸ್ಯೆ ಬಂತು. ಅವತ್ತು ಗ್ಯಾರೇಜಿನ ಪಾನಾ, ಜಾಕು, ಸುತ್ತಿಗೆಗಳಿಗೆಲ್ಲ ಪೂಜೆ. "ಈ ಸಲ ನೀನ ಮಾಡು," ಅಂದಳು ಅವ್ವ. ಎಲ್ಲದಕ್ಕೂ ವಿಭೂತಿ ಹಚ್ಚಿದೆ. ಡಾಕ್ಟರ ಹೊಸ ಶಾಫ್ಟ್ ಮಾತ್ರ ಡಬ್ಬಿಯೊಳಗೆ ಗ್ರೀಸು ಮೆತ್ತಿಕೊಂಡು ಜಿಡ್ಡುಜಿಡ್ಡಾಗಿತ್ತು. ದೇವರ ಮುಂದೆ ಹೀಗೆ ಇಡುವುದೇ? ಹಿತ್ತಲಿಗೆ ಒಯ್ದು, ಪೂಜೆಯ ತಂಬಿಗೆ ತಿಕ್ಕುವಂತೆ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕಿದೆ. ಎಂಟೂ ಉಬ್ಬಿಗೆ ಮೂರು ಮೂರು ಗೆರೆ ವಿಭೂತಿ ಎಳೆದು, ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿ, ಹಸಿ ಹಸಿಯಾಗಿಯೇ ಕಾಗದದಲ್ಲಿ ಸುತ್ತಿ ಡಬ್ಬಿಗೆ ಸೇರಿಸಿದೆ. ಅಂಬಾಸಡರಿನದನ್ನು ಮುಟ್ಟಲೂ ಇಲ್ಲ. ಅದಕ್ಕೆ ದೇವರ ಆಶೀರ್ವಾದ ಯಾಕೆ?

ಅಪ್ಪ ವಾಪಸು ಬಂದು ಡಬ್ಬಿ ತೆರೆದಾಗ ಡಾಕ್ಟರು ಎದುರಿಗೇ ಕೂತಿದ್ದರು. ಉಬ್ಬುಗಳ ತುಂಬ ಕಂದು ಚುಕ್ಕೆ. ಅಪ್ಪ ಬಟ್ಟೆಯಿಂದ ಒರೆಸಿ, ಉಗುರಾಡಿಸಿ ನೋಡಿದ. ಕಾಗದಕ್ಕೆ ಕುಂಕುಮ ಹತ್ತಿತ್ತು. ಅದನ್ನು ಮುದ್ದೆ ಮಾಡಿ ಜೇಬಿಗೆ ತುರುಕಿಕೊಂಡ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಒಂದು ಸಲ ನೋಡಿದ.

"ನನ್ನ ಕೈಯಾಗ ತಪ್ಪಾತ್ರಿ ಡಾಕ್ಟ್ರೆ. ನೀರು ತಾಗೈತಿ. ತುಕ್ಕು ತಿಂದು ಗುಳಿ ಬಿದ್ದಾವ, ಇದನ್ನ ಹಾಕಿದ್ರ ಇಂಜಿನ್ ಹಾಳಾಗತೈತಿ."

"ತಾಗೈತೋ, ನೀನ ತಾಗಿಸಿದ್ಯೋ? ನಿನ್ನ ಮಾತು ನಡೀಲಿಲ್ಲ ಅಂತ ಹಿಂಗ ಮಾಡಿದ್ಯೇನು ಬಸಣ್ಣ?"

ನಾನೇ ತೊಳೆದದ್ದು ಎನ್ನಬೇಕಿತ್ತು. ಬೈಸಿಕೊಳ್ಳುವ ಹೆದರಿಕೆ ಒಂದು, ಆ ಸೀಟಿನ ಆಸೆ ಇನ್ನೊಂದು. ಬಾಯಿ ಬಿಡಲಿಲ್ಲ. ಅಪ್ಪ ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ.

ಕೊನೆಗೆ ಅಂಬಾಸಡರಿನದೇ ಕೂತಿತು. ಡಾಕ್ಟರು ಹಾಳಾದ ಶಾಫ್ಟ್ ಅಲ್ಲೇ ಬಿಟ್ಟು ಕಾರು ಒಯ್ದರು, ನನ್ನನ್ನು ಕೂರಿಸಿಕೊಳ್ಳಲಿಲ್ಲ. ಆಮೇಲೆ ಆ ಕೆಂಪು ಕಾರು ನಮ್ಮ ಗ್ಯಾರೇಜಿನ ಮುಂದೆ ಎಷ್ಟೋ ಸಲ ಹಾದುಹೋಯಿತು, ಒಮ್ಮೆಯೂ ನಿಲ್ಲಲಿಲ್ಲ. ಒಂದು ಸಾರಿ ಕುರಿ ಹಿಂಡಿನ ಹಿಂದೆ ನಡಿಗೆಯ ವೇಗದಲ್ಲಿ, ಒಂದಿಷ್ಟೂ ಕುಂಟದೆ ಹೋದದ್ದನ್ನು ಕಣ್ಣಾರೆ ಕಂಡೆ. ಅಪ್ಪನೂ ಕಂಡ. "ಬಸಣ್ಣನ ಕೈ ಚಲೋ ಐತಿ, ಮನಸು ಚಲೋ ಇಲ್ಲ," ಎಂದು ಡಾಕ್ಟರು ಕೊಟ್ಟೂರಲ್ಲಿ ಹೇಳಿಕೊಂಡು ತಿರುಗಿದ್ದು ಅಪ್ಪನ ಕಿವಿಗೂ ಬಿತ್ತು. ಅವತ್ತು ಅವನು ಊಟ ಮಾಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅಪ್ಪ ನನ್ನ ಕೈಗೆ ಒಂದು ಸಣ್ಣ ಎಣ್ಣೆ ಡಬ್ಬಿ ಕೊಟ್ಟ.

"ಕಬ್ಬಿಣಕ್ಕ ನೀರು ತಾಗಿಸಬಾರ್ದವ್ವ. ಎಣ್ಣಿ ಒರಿಸಿ ಕುಂಕುಮ ಇಡು."

ಅಷ್ಟೇ. ಆ ವಿಷಯವನ್ನು ಅವನು ಮತ್ತೆಂದೂ ಎತ್ತಲಿಲ್ಲ.

ಈಗ ಆ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಪ್ಪ ಇಲ್ಲ. ಡಾಕ್ಟರು ಅವನಿಗಿಂತ ಮೊದಲೇ ಹೋದರು. ಗುಳಿ ಬಿದ್ದ ಶಾಫ್ಟ್ ನನ್ನ ಮನೆಯಲ್ಲಿದೆ, ಅಮಾವಾಸ್ಯೆಗೊಮ್ಮೆ ಎಣ್ಣೆ ಒರೆಸುತ್ತೇನೆ. ನಾನು ದೊಡ್ಡವಳಾದ ಮೇಲೂ ಡಾಕ್ಟರು ಬಹಳ ವರ್ಷ ಬದುಕಿದ್ದರು. ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊಟ್ಟೂರೇನು ದೂರವೇ? ಬಸ್ಸಿಗೆ ಮುಕ್ಕಾಲು ತಾಸು.