ಪಟ್ಟದ ಗೊಂಬೆ ಪಕ್ಕದ ಚೀನಾದವರು

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯಾಕೆ ದಸರಾ ಗೊಂಬೆ ಕೂರಿಸುವಾಗ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮನೆಯ ಮಗ್ಗಗಳಲ್ಲಿ ನೇಯ್ದ ಸೀರೆ ಮಾರಲು ಮದರಾಸಿಗೆ ಹೋಗುತ್ತಿದ್ದ ಅವರ ಯಜಮಾನರು ಅಲ್ಲಿಂದ ರೆಸಿನ್ ಗೊಂಬೆಗಳನ್ನು ತಂದಿದ್ದರು: ಚೀನೀಯರ ರಾಶಿಚಕ್ರದ ಹನ್ನೆರಡು ಪ್ರಾಣಿಗಳು, ಜೊತೆಗೆ ಜೋಲುಮೀಸೆಯ ಹಳೇಕಾಲದ ಯೋಧನೊಬ್ಬ. ಆಕೆ ಸೆರಗಿನಿಂದ ಒಂದೊಂದರ ಮೂತಿ ಒರೆಸಿ, "ಮನೆಗೆ ಬಂದ್ಮೇಲೆ ನಮ್ಮೋರೇ ಬಿಡು" ಎನ್ನುತ್ತ ಪಟ್ಟದ ಗೊಂಬೆಗಳ ಪಕ್ಕ ಕೂರಿಸುತ್ತಿದ್ದರು. ಇಲಿ ಗಣಪನ ಪಾಲಾಯಿತು, ಹುಲಿ ಚಾಮುಂಡಿಗೆ ಹೋಯಿತು, ಡ್ರ್ಯಾಗನ್ನು ಗಂಗಮ್ಮನ ಮೊಸಳೆಯಾಯಿತು.

ಒಂದು ದಸರೆಗೆ ಸೂಲಿಬೆಲೆಯಿಂದ ಬಂದ ನಾದಿನಿ, ಹಂದಿಯನ್ನು ಕಂಡು ಅರಿಶಿನ ಕುಂಕುಮವನ್ನೇ ಮುಟ್ಟಲಿಲ್ಲ.

"ರಾಜಾರಾಣಿ ಪಕ್ಕ ಹಂದೀನಾ ಅತ್ತಿಗೆ?"

ಆಕೆ ಹಂದಿಯ ಹಣೆಗೆ ಕುಂಕುಮವಿಟ್ಟರು. "ವರಾಹಸ್ವಾಮಿ ಕಣೇ. ಕೈ ಮುಗಿ."

ನಾದಿನಿ ಗಾಬರಿಯಿಂದ ಕೈ ಮುಗಿದಳು. "ಸರಿ, ಈ ಕತ್ತಿ ಹಿಡ್ಕೊಂಡಿರೋನು ಯಾವ ದೇವ್ರು?"

"ದೇವ್ರಲ್ಲ, ನಿಮ್ಮಣ್ಣ. ಅದೇ ಮೀಸೆ ನೋಡು. ನಿಂತ್ಕೊಳ್ಳೋದು ಬಿಟ್ರೆ ಬೇರೆ ಕೆಲ್ಸ ಇಲ್ಲ."

ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಯಜಮಾನರು ಮೀಸೆ ಮುಟ್ಟಿ ನೋಡಿಕೊಂಡರು. ಆಯುಧಪೂಜೆಯ ಹೊತ್ತಿಗೆ ಅದನ್ನು ಬೋಳಿಸಿಕೊಂಡೇ ಬಂದರು. ಆಕೆ ಅವರನ್ನೊಮ್ಮೆ ನೋಡಿ, ಮಗ್ಗಗಳಿಗೆ ಇಟ್ಟು ಉಳಿದ ಕುಂಕುಮವನ್ನು ಯೋಧನ ಹಣೆಗೆ ಹಚ್ಚಿದರು.

"ಇನ್ಮೇಲೆ ಈ ಮನೇಲಿ ಮೀಸೆ ಇರೋ ಗಂಡ್ಸು ನೀನೊಬ್ನೇ ಕಣಪ್ಪಾ."