ಮೊದಲು ಸೈಟ್ ಕೆಡಿಸಿ

ತಂಗಿಯ ತಿಥಿಯ ದಿನ ಹಾಸನದ ಮೇಷ್ಟ್ರು ನಮ್ಮ ಮನೆಗೆ ಬಂದಿದ್ದರು. ಊಟಕ್ಕೆ ಕೂರಲಿಲ್ಲ. ಶಾಮಿಯಾನದ ಕಂಬದ ಪಕ್ಕ ನಿಂತು ಒಂದು ಬಾಳೆಹಣ್ಣು ತೆಗೆದುಕೊಂಡರು. "ತುಂಬಾ ಬುದ್ಧಿವಂತೆ ರೀ ಆಕೆ. ನಮ್ಮ ಗುಂಪಿಗೆ ದೊಡ್ಡ ನಷ್ಟ" ಅಂದರು. ಹಣ್ಣು ತಿಂದು ಮುಗಿಸಿ, ಸಿಪ್ಪೆ ಎಲ್ಲಿ ಹಾಕುವುದೆಂದು ಅತ್ತಿತ್ತ ನೋಡುತ್ತಲೇ, "ಆ ಪಾಠದ ಫೈಲು ನಿಮ್ಮ ಹತ್ರ ಇದೆ ಅಲ್ವಾ? ಪೆನ್‌ಡ್ರೈವ್ ತಂದಿದೀನಿ" ಅಂದರು.

"ಇವತ್ತು ಬ್ಯಾಡಿ ಸಾ" ಅಂದೆ.

"ಹಾಗೇ ಆಕೆಯ ಒಂದು ಫೋಟೋನೂ ಬೇಕಾಗುತ್ತೆ. ಮೊದಲನೇ ಪುಟದಲ್ಲಿ ಹಾಕೋಣ ಅಂತ." ಸಿಪ್ಪೆಯನ್ನು ನನ್ನ ಕೈಗೇ ಕೊಟ್ಟು ಹೋದರು.

ಅವರ ಮೇಲಿನ ಸಿಟ್ಟು ಅವತ್ತು ಹುಟ್ಟಿದ್ದಲ್ಲ. ಅದಕ್ಕೂ ಒಂದು ವರ್ಷದ ಹಿಂದೆ, ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದಾಗ, ನಮ್ಮ ಜಿಲ್ಲೆಯ ನಾಲ್ಕು ಊರಿನ ನಾಲ್ವರು ಸೇರಿ ಕನ್ನಡದಲ್ಲಿ ಒಂದು ಪಾಠಮಾಲೆ ಮಾಡಲು ಹೊರಟಿದ್ದರು. ವೆಬ್‌ಸೈಟುಗಳಿಗೆ ಪ್ಲಗಿನ್ ಬರೆಯುವವರಿಗಾಗಿ. ಪ್ಲಗಿನ್ ಅಂದರೆ ಇರುವ ಸೈಟಿಗೆ ಹೊಸದೊಂದು ಕೆಲಸ ಸೇರಿಸುವ ಸಣ್ಣ ಪ್ರೋಗ್ರಾಂ. ಫೋಟೋ ಜೋಡಿಸಿ ತೋರಿಸುವುದು, ಅರ್ಜಿ ತುಂಬಿಸಿಕೊಳ್ಳುವುದು, ಇವತ್ತಿನ ಆಲೂಗಡ್ಡೆ ದರ ಮೂಲೆಯಲ್ಲಿ ಕಾಣುವ ಹಾಗೆ ಮಾಡುವುದು, ಇಂಥವು. ಏನೂ ಬಾರದವರಿಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಪಾಠಗಳಿದ್ದವು. ಎಲ್ಲ ಬಂದವರಿಗೆ ಪಾಠ ಬೇಕಿರಲಿಲ್ಲ. ಒಂದೆರಡು ಪ್ಲಗಿನ್ ಬರೆದು, ಮುಂದೇನೆಂದು ತಿಳಿಯದೆ ನಿಂತವರಿಗೆ ಯಾರೂ ಏನೂ ಬರೆದಿರಲಿಲ್ಲ. ಇದನ್ನು ಮೊದಲು ಹೇಳಿದವಳು ನನ್ನ ತಂಗಿ.

ಅವಳು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ನನ್ನ ಜೆರಾಕ್ಸ್ ಅಂಗಡಿಯಲ್ಲೇ ಕೂತು ಸ್ಕೂಲುಗಳಿಗೆ, ಕಲ್ಯಾಣಮಂಟಪಗಳಿಗೆ ಸೈಟು ಮಾಡಿಕೊಡುತ್ತಿದ್ದಳು. ಮೇಷ್ಟ್ರು ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಅರಕಲಗೂಡಿನವರೊಬ್ಬರು ಹೊಗೆಸೊಪ್ಪು ಬೆಳೆಯುವ ಮನೆಯವರು, ಪೇಟೆಯಲ್ಲಿ ಕಂಪ್ಯೂಟರ್ ಟ್ರೈನಿಂಗ್ ಸೆಂಟರ್ ಇಟ್ಟಿದ್ದರು. ನಾಲ್ಕನೆಯವರು ಚನ್ನರಾಯಪಟ್ಟಣದ ಮೇಡಂ, ಬ್ಯಾಂಕಿನಲ್ಲಿ ಕೆಲಸ. ದೇವಸ್ಥಾನದ ಸೈಟಿಗಾಗಿ ಎರಡು ಸಣ್ಣ ಪ್ಲಗಿನ್ ಬರೆದಿದ್ದರು. ಯಾರಿಗೂ ಸಂಬಳವಿಲ್ಲ. ಭಾನುವಾರ ಒಬ್ಬೊಬ್ಬರ ಊರಿನಲ್ಲಿ ಸೇರುವುದು, ಆ ಊರಿನವರು ಊಟ ಹಾಕುವುದು. ಪಿಯುಸಿ ಓದಿದ ನಾನು ತಂಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ, ಮೂಲೆಯಲ್ಲಿ ಕೂತು ಕೇಳುತ್ತಿದ್ದೆ.

ಮೊದಲ ಸಭೆಯಲ್ಲೇ ತಂಗಿ ಒಂದು ಕಟ್ಟಳೆ ಮಾಡಿಸಿದಳು. ಯಾರು ಯಾವ ಪಾಠ ಬರೆದರೂ ಬ್ಯಾಂಕಿನ ಮೇಡಂ ಅದನ್ನು ಓದಿಕೊಂಡು ಕಂಪ್ಯೂಟರಿನಲ್ಲಿ ಮಾಡಿ ತೋರಿಸಬೇಕು. ಅವರು ಮಾಡುತ್ತಿರುವಾಗ ಬರೆದವರಾಗಲಿ ಉಳಿದವರಾಗಲಿ ಬಾಯಿ ಬಿಡಬಾರದು. ಬಿಟ್ಟರೆ ಪಾಠ ಫೇಲು.

ಮೊದಲು ಪರೀಕ್ಷೆಗೆ ಬಂದದ್ದು ಮೇಷ್ಟ್ರ ಪಾಠ, ಅರಕಲಗೂಡಿನಲ್ಲಿ. ಮೇಡಂ ಎರಡನೇ ಪುಟದಲ್ಲೇ ಸಿಕ್ಕಿಕೊಂಡರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, "ಅಲ್ಲಲ್ಲ, ಅಲ್ಲಿ ಅಂದ್ರೆ ಮೇಲಿನ ಫೈಲಲ್ಲಿ" ಅಂದರು.

"ಪಾಠ ಓದೋರ್ ಮನೇಗೆಲ್ಲಾ ನೀವೂ ಜೊತೇಲಿ ಓಗಿ ಕೂತ್ಕತೀರಾ ಸಾ?" ಅಂದಳು ನನ್ನ ತಂಗಿ.

ಅರಕಲಗೂಡಿನವರು ಜೋರಾಗಿ ನಕ್ಕುಬಿಟ್ಟರು. ಮೇಷ್ಟ್ರ ಕಿವಿ ಕೆಂಪಗಾಯಿತು. ಮಧ್ಯಾಹ್ನ ಮುದ್ದೆ, ಕೋಳಿ ಸಾರು ಇದ್ದವು. ಮೇಷ್ಟ್ರು ಮನೆಯಿಂದ ತಂದ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತು ತಿಂದರು. ಆಮೇಲೆ ಆ ಪಾಠವನ್ನು ಅವರು ಪೂರ್ತಿ ತಿದ್ದಿ ಬರೆದರು. ಆದರೆ ತಂಗಿಯನ್ನು ಕ್ಷಮಿಸಲಿಲ್ಲ. ಅವಳಿಗೂ ಕ್ಷಮೆ ಬೇಕಿರಲಿಲ್ಲ. ನನ್ನ ತಂಗಿ ಮೆದು ಮಾತಿನವಳಲ್ಲ. ಸತ್ತಳೆಂದು ಈಗ ಹಾಗೆ ಬರೆಯಲು ನನಗೆ ಇಷ್ಟವಿಲ್ಲ.

ಅವಳು ಬರೆದ ಪಾಠದ ಮೊದಲ ಸಾಲು, "ಮೊದಲು ಸೈಟ್ ಕೆಡಿಸಿ." ಅದಕ್ಕೆಂದೇ ಕಂಪ್ಯೂಟರಿನಲ್ಲಿ ಮಾಡಿಟ್ಟ ಪ್ರಯೋಗದ ಸೈಟೊಂದನ್ನು ಕೆಡಿಸಬೇಕು. ಓಡುತ್ತಿರುವ ಎರಡು ಪ್ಲಗಿನ್ ಇರುತ್ತವೆ. ಎರಡನೆಯದರ ಫೈಲು ತೆರೆದು, ಅದರೊಳಗಿನ ಫಂಕ್ಷನ್ನಿಗೆ, ಅಂದರೆ ಒಂದು ಕೆಲಸ ಮಾಡಿಸಲು ಹೆಸರಿಟ್ಟು ಬರೆದ ಕೋಡಿನ ತುಂಡಿಗೆ, ಮೊದಲನೆಯದರ ಫಂಕ್ಷನ್ನಿನ ಹೆಸರನ್ನೇ ಕೊಟ್ಟು ಸೇವ್ ಮಾಡಬೇಕು. ಒಂದೇ ಹೆಸರಿನ ಇಬ್ಬರನ್ನು ಕಂಡ ಕೂಡಲೇ ಸೈಟು ನಿಂತುಹೋಗುತ್ತದೆ. ಪರದೆಯ ಮೇಲೆ ಬರೀ ಬಿಳಿ, ಒಂದಕ್ಷರವೂ ಇಲ್ಲ. ಅದನ್ನು ಮತ್ತೆ ಎಬ್ಬಿಸಿದ ಮೇಲೆ ಮುಂದಿನ ಪುಟದಲ್ಲಿ ಅವಳು ಹೀಗೆ ಬರೆದಿದ್ದಳು: "ನಮ್ಮ ಕ್ಲಾಸಿನಲ್ಲಿ ಒಂದೇ ಹೆಸರಿನವರು ಬಹಳ ಜನ ಇದ್ದರು. ಟೀಚರು ಇನಿಷಿಯಲ್ ಸೇರಿಸಿ ಕೂಗುತ್ತಿದ್ದರು. ನಿಮ್ಮ ಫಂಕ್ಷನ್ನಿಗೂ ಇನಿಷಿಯಲ್ ಇಡಿ."

ಇದರ ಮೇಲೆ ನಮ್ಮ ಅಂಗಡಿಯಲ್ಲಿ ನಡೆದ ಜಗಳ ನನಗೆ ಚೆನ್ನಾಗಿ ನೆನಪಿದೆ.

"ಶುರುವಲ್ಲೇ ಕೆಡಿಸಿ ಅಂತಾನಾ? ಇದು ಪಾಠ ಅಮ್ಮಾ. ಓದೋರು ಹೆದರಿ ಬಿಟ್ಟು ಹೋಗ್ತಾರೆ" ಅಂದರು ಮೇಷ್ಟ್ರು.

"ಓಗೋರ್ ಓಗ್ಲಿ ಸಾ. ಒಂದ್ಸಲ ಸೈಟ್ ಬೆಳ್ಳಗಾಗಿ ಕೈಕಾಲ್ ತಣ್ಣಗಾಗ್ದೆ ಇರೋರು ಇನ್ನೂ ಮೊದಲ್ನೇ ಕ್ಲಾಸೇಯ."

"ಪರಿಹಾರವನ್ನ ಮೇಲೇ ಒಂದು ಚೌಕದಲ್ಲಿ ಹಾಕಿಬಿಡೋಣ. ಕೆಡೋಕ್ಕಿಂತ ಮುಂಚೆನೇ ಗೊತ್ತಿರಲಿ."

"ಗೊತ್ತಾದ್ಮೇಲೆ ಯಾರ್ ಸಾ ಕೆಡುಸ್ತಾರೆ? ಓದ್ಕಂಡು ತಲೆ ಆಡುಸ್ಕಂಡು ಮುಂದಕ್ ಓಯ್ತಾರೆ."

"ನಿಮ್ಮ ಭಾಷೆನೂ ಸ್ವಲ್ಪ ತಿದ್ದಬೇಕು. ಪಾಠದಲ್ಲಿ ಹೀಗೆಲ್ಲಾ ಬರೆಯೋದಿಲ್ಲ."

"ನೀವ್ ಬರೆಯೋ ಅಂಗೆ ನಮ್ಮೂರಲ್ಲಿ ಮದ್ವೆ ಪತ್ರಿಕೆ ಬರ್ಸ್ತಾರೆ ಸಾ."

ಮೇಷ್ಟ್ರು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು. ಪಾಠಗಳನ್ನು ಹಾಕುವ ಸೈಟು ಅವರ ಹೆಸರಿನಲ್ಲಿತ್ತು. ಹಾಗಾಗಿ ಅವಳ ಪಾಠದ ಪರೀಕ್ಷೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವಳಿಗೆ ಕಾಮಾಲೆಯಾಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಕಣ್ಣೆಲ್ಲ ಹಳದಿಯಾಗಿ ಮಲಗಿದ್ದವಳು, "ನಾನಿಲ್ಲಿ ಬಿದ್ದಿರೋ ಒತ್ನಲ್ಲಿ ಆವಯ್ಯ ಚೌಕ ಹಾಕ್ಬುಡ್ತಾನೆ ನೋಡ್ತಿರಣ್ಣ" ಅಂದಳು. ಸಾಯುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ಹಾಕಕ್ಕೆ ಬುಟ್ರೆ ತಾನೆ" ಅಂದೆ, ಮಾತಿಗೆ. ಅವಳು ಹೋದ ಮೇಲೆ ನನಗೆ ಉಳಿದ ಕೆಲಸ ಅದೊಂದೇ ಅನ್ನಿಸಿತು. ಆ ಪಾಠ ಅವಳು ಬರೆದ ಹಾಗೆಯೇ ಹೋಗಬೇಕು. ಮೇಷ್ಟ್ರ ಕೈಗೆ ಅದು ಸಿಗಕೂಡದು.

ಚನ್ನರಾಯಪಟ್ಟಣದ ಸಭೆಗೆ ಒಬ್ಬನೇ ಹೋದೆ. ಬೈಕಿನ ಹಿಂದಿನ ಸೀಟು ಖಾಲಿ ಇದ್ದದ್ದಕ್ಕೋ ಏನೋ, ದಾರಿಯುದ್ದಕ್ಕೂ ಗಾಡಿ ಹಗುರವಾಗಿ ಎಗರುತ್ತಿತ್ತು. ಮೇಡಂ ಮನೆಯಲ್ಲಿ ಪುಳಿಯೋಗರೆ ಮಾಡಿದ್ದರು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡರು. ಊಟದ ಮೇಲೆ ನಾನು ಪೆನ್‌ಡ್ರೈವ್ ತೆಗೆದು ಮೇಡಂ ಕೈಗೇ ಕೊಟ್ಟೆ.

"ಕಟ್ಟಳೆ ಗೊತ್ತಲ್ಲಾ? ಯಾರೂ ಮಾತಾಡಬಾರದು" ಅಂದರು ಮೇಷ್ಟ್ರು.

ಮೇಡಂ ಓದಿದರು. ಹೆಸರು ಬದಲಾಯಿಸಿದರು. ಸೇವ್ ಮಾಡಿದರು. ಪರದೆ ಬೆಳ್ಳಗಾಯಿತು. "ಅಯ್ಯೋ" ಅಂದು ಅವರು ಕೈ ಹಿಂದಕ್ಕೆ ತೆಗೆದರು. ತಂಗಿ ಇದ್ದಿದ್ದರೆ ಆಗ ನಗುತ್ತಿದ್ದಳು. ಪಾಠದ ಮುಂದಿನ ಸಾಲು, "ಈಗ ಎರಡನೇ ಪ್ಲಗಿನ್ ನಿಲ್ಲಿಸಿ" ಎಂದಿತ್ತು. ಪ್ಲಗಿನ್ ನಿಲ್ಲಿಸುವ ಗುಂಡಿ ಇರುವುದು ಸೈಟಿನ ಒಳಗಿನ ಪುಟದಲ್ಲಿ. ಮೇಡಂ ಆ ಪುಟ ತೆರೆದರು. ಅದೂ ಬಿಳಿ. ಹಿಂದಕ್ಕೆ ಹೋದರು, ಮತ್ತೆ ತೆರೆದರು. ಬಿಳಿ.

ಆಗ ನನಗೆ ಗೊತ್ತಾಯಿತು, ಪಾಠದಲ್ಲಿ ಒಂದು ಸಾಲು ಇಲ್ಲ. ಅದನ್ನು ಅವಳು ಬರೆದೇ ಇರಲಿಲ್ಲ. ಅಂಗಡಿಯಲ್ಲಿ ಫೋನ್ ಮಾಡಿದವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ, ಅದು ಎಲ್ಲರಿಗೂ ಗೊತ್ತಿರುವ ಮಾತು ಎಂದುಕೊಂಡಿದ್ದಳೇನೋ.

ಮೇಷ್ಟ್ರಿಗೂ ಗೊತ್ತಾಗಿತ್ತು. ಒಂದು ಗಳಿಗೆಯೂ ಬಾಯಿ ಮುಚ್ಚದ ಮನುಷ್ಯ ಅವತ್ತು ಕೈ ಕಟ್ಟಿಕೊಂಡು, ತುಟಿ ಬಿಗಿದು, ಕಿಟಕಿಯ ಆಚೆ ತೆಂಗಿನಮರ ನೋಡುತ್ತಾ ಕೂತಿದ್ದರು. ನಡುನಡುವೆ ನನ್ನ ಮುಖ ನೋಡುತ್ತಿದ್ದರು. ಅರಕಲಗೂಡಿನವರು ಕೆಮ್ಮಿದರು. ಮೇಡಂ ಕಣ್ಣಲ್ಲಿ ನೀರು ಬರುವ ಹಾಗಾಯಿತು. ಅದು ಪಾಠಕ್ಕೋ, ಬರೆದವಳಿಗೋ ನನಗೆ ತಿಳಿಯಲಿಲ್ಲ.

ನಾನೇ ಬಾಯಿ ಬಿಟ್ಟೆ. "ಗಾಬ್ರಿ ಬೀಳ್ಬೇಡಿ ಮೇಡಂ. ಸೈಟ್ ಎಲ್ಲೂ ಓಗಿಲ್ಲ, ಮುಂಬಾಗ್ಲು ಮುಚ್ಕಂಡದೆ ಅಷ್ಟೇಯ. ಇತ್ಲು ಬಾಗ್ಲಿಂದ ಓಗಿ. ಕಂಪ್ಯೂಟರಲ್ಲಿ ಆ ಪ್ಲಗಿನ್ ಫೋಲ್ಡರ್ ತೆಗ್ದು, ಅದ್ರ ಹೆಸ್ರು ಬದ್ಲಾಯ್ಸಿ. ಸೈಟ್ಗೆ ಆ ಪ್ಲಗಿನ್ ಸಿಗಾಕಿಲ್ಲ, ಬುಟ್ಟು ಎದ್ದೇಳ್ತದೆ."

ಮೇಡಂ ಫೋಲ್ಡರಿನ ಹೆಸರು ಬದಲಾಯಿಸಿದರು. ಸೈಟು ಬಂತು.

"ಫೇಲು" ಅಂದರು ಮೇಷ್ಟ್ರು, ಕಿಟಕಿಯಿಂದ ಮುಖ ತಿರುಗಿಸಿ. "ಆಕೆಯೇ ಮಾಡಿದ ಕಟ್ಟಳೆ. ನಾನಲ್ಲ."

"ಅದೇನ್ ಸಾ ನಿಮ್ದು! ಈಗ ಏಳ್ದ ಮಾತ್ನೇ ಪಾಠದಲ್ಲಿ ಬರ್ಕಂಡ್ರೆ ಮುಗೀತಪ್ಪಾ" ಅಂದರು ಅರಕಲಗೂಡಿನವರು.

"ಇವರು ಒಂದು ಸಾಲು ಸೇರಿಸಬಹುದು ಅಂದ್ರೆ ನಾನು ಒಂದು ಚೌಕ ಸೇರಿಸಬಾರದಾ? ಅದು ಆಕೆ ಬರೆದ ಮಾತಲ್ಲವಲ್ಲ."

"ಅವಳ್ದೇ ಮಾತು ಸಾ" ಅಂದೆ.

"ಎಲ್ಲಿದೆ? ತೋರಿಸಿ."

ಫೋನಿನಲ್ಲಿ ಅವಳು ಆಡಿದ್ದು ಯಾವ ಕಾಗದದಲ್ಲೂ ಇರಲಿಲ್ಲ. ಅವರು ದನಿ ಇಳಿಸಿದರು. ಆ ದನಿಯೇ ನನ್ನನ್ನು ಹೆಚ್ಚು ಉರಿಸಿತು. "ನೋಡಿ, ನನಗೂ ಬೇಜಾರಿದೆ. ಆದ್ರೆ ಪ್ರತಿ ಪಾಠದ ಕೆಳಗೆ ಒಬ್ಬರ ಹೆಸರು, ಈಮೇಲ್ ಇರಬೇಕು. ಓದಿದೋರು ಏನಾದ್ರೂ ಕೇಳಿದ್ರೆ ಉತ್ತರ ಕೊಡಬೇಕಲ್ಲ. ಆಕೆ ಕೊಡೋಕಾಗುತ್ತಾ? ಆ ಹೊಣೆ ನಾನು ಹೊರ್ತೀನಿ. ಸ್ವಲ್ಪ ತಿದ್ದಿ, ಮೇಲೆ ಚೌಕ ಹಾಕಿ, ಮೊದಲ ಪುಟದಲ್ಲಿ ಆಕೆಯ ಫೋಟೋ, ನಾಲ್ಕು ಒಳ್ಳೆ ಮಾತು. ಇದಕ್ಕಿಂತ ಇನ್ನೇನು ಗೌರವ ಬೇಕು ನಿಮಗೆ?"

"ಒಣೆ ನಾನ್ ಒರ್ತೀನಿ" ಅಂದೆ.

ಮೇಷ್ಟ್ರು ನಕ್ಕರು. "ನೀವಾ? ಜೆರಾಕ್ಸ್ ಅಂಗಡಿಯೋರು?"

"ಊ ಸಾ. ನಾನೇಯ. ಪಾಠ ಇದ್ದಂಗೆ ಇರ್ತದೆ, ಆ ಒಂದ್ ಸಾಲು ಸೇರ್ತದೆ. ಚೌಕ ಬ್ಯಾಡ. ಫೋಟೋನೂ ಬ್ಯಾಡ."

ಮೇಡಂ ಮೆಲ್ಲಗೆ, "ನಂದು ಒಪ್ಪಿಗೆ ಇದೆ" ಅಂದರು. ಅರಕಲಗೂಡಿನವರು ಕೈ ಎತ್ತಿದರು. ಮೇಷ್ಟ್ರು ಚೀಲ ಎತ್ತಿಕೊಂಡರು.

ಆ ಸಾಲನ್ನು ಅಲ್ಲೇ ಕೂತು ನಾನೇ ಟೈಪ್ ಮಾಡಿದೆ. ಅವಳು ಆಡಿದ ಹಾಗೆಯೇ ಬರೆಯಲು ಆಗಲಿಲ್ಲ. ಪಾಠದ ಉಳಿದ ಸಾಲುಗಳಿಗೆ ಹೊಂದುವಂತೆ ಬರೆದೆ. ಕೆಳಗೆ ಅವಳ ಹೆಸರು, ಅದರ ಪಕ್ಕ ನನ್ನದು. ನನ್ನ ಹೆಸರು ಅಲ್ಲಿರುವುದು ನನಗೆ ಇವತ್ತಿಗೂ ಸೇರುವುದಿಲ್ಲ. ಮೂವರ ಮಾತಿಗೆ ಬಗ್ಗಿ ಮೇಷ್ಟ್ರು ಅದನ್ನು ಸೈಟಿಗೆ ಹಾಕಲೇಬೇಕಾಯಿತು. ಪಾಠಗಳು ಹೊರಗೆ ಬಂದ ಮೇಲೆ ಹಾಸನದಲ್ಲಿ ಅವರು, "ತಂಗಿ ಸತ್ತಮೇಲೆ ಅಣ್ಣ ಹೆಸರು ಹಾಕಿಸಿಕೊಂಡ" ಎಂದು ಹೇಳಿಕೊಂಡು ತಿರುಗಿದರು. ಅದು ನನ್ನ ಕಿವಿಗೂ ಬಿತ್ತು. ಅಲ್ಲ ಎಂದು ಯಾರಿಗೂ ಹೇಳಲು ಹೋಗಲಿಲ್ಲ. ಅಂಗಡಿಗೆ ಬಂದ ನೆಂಟರೆಲ್ಲ ಅವಳನ್ನು ಹೊಗಳುತ್ತಿದ್ದ ಕಾಲ ಅದು. ಬದುಕಿದ್ದಾಗ ಅವಳ ಬಾಯಿಗೆ ಹೆದರಿ ಫುಟ್‌ಪಾತ್ ಬದಲಾಯಿಸುತ್ತಿದ್ದವರೂ, "ಎಂಥಾ ಮೆದು ಮಾತು ಕಣಪ್ಪಾ" ಅನ್ನುತ್ತಿದ್ದರು. ಅವರಿಗೆ ಕಾಫಿ ತರಿಸಿಕೊಡುವುದು ನನಗೆ ಸಾಕಾಗಿ ಹೋಗಿತ್ತು.

ಒಂದು ದಿನ ಹಳ್ಳಿಮೈಸೂರಿನಿಂದ ತಂಗಿಯ ಹೆಸರಿಗೆ ಒಂದು ಈಮೇಲ್ ಬಂತು. "ಮೇಡಂ, ನಿಮಗೆ ತಲೆ ಇದೆಯಾ? ಕೆಡಿಸಿ ಅಂದ್ರಿ, ಕೆಡಿಸಿದೆ. ಪ್ರಯೋಗದ ಸೈಟಲ್ಲಿ ಮಾಡಿ ಅಂತ ಬರೆದಿದ್ದು ನೋಡಲಿಲ್ಲ. ನಮ್ಮ ಸ್ಕೂಲಿನ ಸೈಟೇ ಹೋಯಿತು. ಯಾರು ಹೀಗೆಲ್ಲಾ ಪಾಠ ಬರೆಯೋದು?" ಅದರ ಒಂದು ಪ್ರತಿ ಮೇಷ್ಟ್ರಿಗೂ ಹೋಗಿತ್ತು. ಅವರು ಏನೂ ಬರೆಯದೆ ಅದನ್ನೇ ನನಗೆ ಮತ್ತೆ ಕಳಿಸಿದ್ದರು.

ನಾನು ಉತ್ತರ ಬರೆಯಲು ಕೂತೆ. ಸ್ಕೂಲಿನ ಸೈಟಿನ ಫೈಲುಗಳಿದ್ದದ್ದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಕೆಡಿಸಿದ್ದು ಸೈಟಿನ ಒಳಗಿನ ಪುಟದಿಂದಲೇ ಇರಬೇಕು, ಈಗ ಅದೂ ಬಿಳಿ. ಅದರೊಳಗೆ ಹೋಗುವುದು ಹೇಗೆಂದು ಬರೆದು ತಿಳಿಸುವಷ್ಟು ನನಗೇ ಬರುತ್ತಿರಲಿಲ್ಲ. ಅರಕಲಗೂಡಿನವರಿಗೆ ಫೋನ್ ಮಾಡಿ ಕೇಳಿಕೊಂಡು, ಅಂಗಡಿ ಬಾಗಿಲು ಎಳೆದು, ಬೈಕ್ ಹತ್ತಿದೆ.

ಈಮೇಲ್ ಬರೆದ ಮನುಷ್ಯ ಹಳ್ಳಿಮೈಸೂರಿನ ತನ್ನ ಮನೆಯ ಜಗಲಿಯಲ್ಲೇ ನಿಂತಿದ್ದ. ನನ್ನದೇ ವಯಸ್ಸು. ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದ.

"ಮೇಡಂ ಬರ್ಲಿಲ್ವಾ? ಅವ್ರನ್ನೇ ಕೇಳ್ಬೇಕಿತ್ತು ನಾನು."

"ಇಲ್ಲ, ನಾನೇ ಬಂದಿವ್ನಿ. ನನ್ನೇ ಕೇಳಿ."

ಅವನು ಕೇಳಿದ. ಚೆನ್ನಾಗಿಯೇ ಕೇಳಿದ. ಬೆಳಿಗ್ಗೆಯಿಂದ ಎಡ್‌ಮಾಸ್ಟ್ರು ಎಷ್ಟು ಸಲ ಫೋನ್ ಮಾಡಿದರು, ಆಡಳಿತ ಮಂಡಳಿಯವರು ಏನಂದರು, ಪಾಠ ಬರೆಯುವವರಿಗೆ ಜವಾಬ್ದಾರಿ ಬೇಡವಾ, ಹೆಂಗಸಾದ ಮಾತ್ರಕ್ಕೆ ಸುಮ್ಮನಿರಬೇಕಾ ಎಂದೆಲ್ಲ ಬೈದ. ಅವಳು ಸತ್ತ ಮೇಲೆ ಅವಳನ್ನು ಬೈದವನು ಅವನೊಬ್ಬನೇ. ನಾನು ಜಗಲಿಯ ಕೆಳಗೆ ನಿಂತು ಪೂರ್ತಿ ಕೇಳಿಸಿಕೊಂಡೆ. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದೆ.