ಚೆಂಡಿನ ಮೇಲೆ ಕುಳಿತ ಕೋಚ್

ಮಧ್ಯಾಹ್ನ ಮೂರೂ ನಲವತ್ತಕ್ಕೆ ನನ್ನ ತಮ್ಮ ಮೈದಾನದಲ್ಲಿ ಕುಸಿದ. ಮಸ್ಕತ್ತಿನ ಜೂನ್ ಬಿಸಿಲು. ಚೆಂಡು ಎದುರಾಳಿಯ ಗೋಲಿನ ಬಳಿ ಇದ್ದುದರಿಂದ ನಾವೆಲ್ಲ ಅತ್ತಲೇ ನೋಡುತ್ತಿದ್ದೆವು. ಈಚೆ ತುದಿಯಲ್ಲಿ ಬಿದ್ದವನನ್ನು ಕಂಡದ್ದು ನಮ್ಮ ಊರಿನವರ ಸಂಘದ ಕೋಚ್ ಒಬ್ಬರೇ.

ಬ್ರೆಜಿಲ್‌ನಿಂದ ಇಲ್ಲಿನ ಕ್ಲಬ್ಬಿಗೆ ಮಿಡ್‌ಫೀಲ್ಡರ್ ಆಗಿ ಬಂದು, ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆಗಿ ಉಳಿದವರು ಅವರು. ಚೆಂಡು ಕಾಲಿಗೆ ಬರುವ ಮೊದಲು ಎರಡೂ ಹೆಗಲಿನಾಚೆ ನೋಡುವುದು ಅವರ ಅಭ್ಯಾಸ. ಹಮ್ರಿಯಾ ಬಡಾವಣೆಯ ಹೋಟೆಲಿನಲ್ಲಿ ಚಹಾದ ಲೋಟ ಎತ್ತುವ ಮೊದಲೂ ಹಾಗೆಯೇ ನೋಡುತ್ತಿದ್ದರು. "ಪೆಹಲೇ ಪೀಛೇ ದೇಖೋ," ಮೊದಲು ಹಿಂದೆ ನೋಡು ಎಂಬುದು ನಮ್ಮ ಹುಡುಗರಿಂದ ಅವರು ಕಲಿತಿದ್ದ ಹಿಂದಿ.

ಕುಂಟುತ್ತಲೇ ಓಡಿ ತಮ್ಮನನ್ನು ನೆರಳಿಗೆ ಹೊತ್ತು ತಂದು, ಡಬ್ಬದ ಐಸ್ ನೀರನ್ನೆಲ್ಲ ಮೈಮೇಲೆ ಸುರಿದರು. ತಮ್ಮನಿಗೆ ನನ್ನ ಗುರುತೇ ಹತ್ತಲಿಲ್ಲ. ಸಂಘದ ಅಧ್ಯಕ್ಷರು ಬಂದು ನಮ್ಮತ್ತ ಕೂಗಿದರು: "ಎಂತ ಮಾರಾಯ್ರೆ, ಮುಖ್ಯ ಅತಿಥಿ ಬಂದು ಕೂತಿದ್ದಾರೆ! ಬೇರೆಯವನನ್ನು ಇಳಿಸ್ಲಿಕ್ಕೆ ಹೇಳಿ ಕೋಚಿಗೆ, ಯಲ್ಲಾ, ಬೇಗ!"

ಆ ಅತಿಥಿಯ ಅನುಕೂಲಕ್ಕಾಗಿಯೇ ರಾತ್ರಿಯ ಪಂದ್ಯವನ್ನು ಬಿಸಿಲಿಗೆ ಎಳೆದಿದ್ದರು.

ಕೋಚ್ ಮೈದಾನದ ನಡುವೆ ಹೋಗಿ ಚೆಂಡಿನ ಮೇಲೆ ಕುಳಿತುಬಿಟ್ಟರು. ನಾವು ಆಂಬುಲೆನ್ಸ್ ಹತ್ತುವಾಗಲೂ ಅಲ್ಲೇ ಇದ್ದರು.

ಮರುದಿನ ಅವರನ್ನು ತೆಗೆದುಹಾಕಿದರು. ಅತಿಥಿಗೆ ಅವಮಾನವಾಯಿತಂತೆ! ಒಂದು ಜೀವ ಹೋಗುವುದರಲ್ಲಿತ್ತಲ್ಲ, ಅದು ಯಾರಿಗೂ ಅವಮಾನವೆನಿಸಲಿಲ್ಲ. ಅಧ್ಯಕ್ಷರು ಆಸ್ಪತ್ರೆಗೆ ತಲೆ ಹಾಕಲಿಲ್ಲ. ಬಂದದ್ದು ಕೆಲಸ ಕಳೆದುಕೊಂಡವರೇ.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ನಾನು ರಾತ್ರಿ ಎದ್ದೆದ್ದು ಅವನ ಉಸಿರು ಕೇಳುತ್ತಿದ್ದೆ. ಒಂದು ಸಂಜೆ ಕಡಲ ತೀರದಲ್ಲಿ ಕೋಚ್ ಅವನತ್ತ ಚೆಂಡು ಒದ್ದರು. ಮುಟ್ಟುವ ಮೊದಲು ಅವನು ಎರಡೂ ಹೆಗಲಿನಾಚೆ ನೋಡಿದ. ಅಂದು ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.